ದೆಸ್ಪಿನಾಳ ಅಣ್ಣೆಕಲ್ಲು

ಆಗ ನನಗೆ ಎಪ್ಪತ್ತೊಂದು ವರ್ಷ. ಅದಾಗಿ ಈಗ ಮೂರು ವರ್ಷವಾಯಿತು. ಆ ವಯಸ್ಸಿಗೆ ಬಂದ ಹೆಂಗಸು ಬೆಚ್ಚಿಬೀಳುವಂಥದ್ದು ಲೋಕದಲ್ಲಿ ಇನ್ನೇನೂ ಉಳಿದಿರುವುದಿಲ್ಲ ಎಂದುಕೊಂಡಿದ್ದೆ. ಗಂಡನನ್ನು ಕಳಿಸಿಕೊಟ್ಟಾಗಿತ್ತು, ಎರಡು ಕಣ್ಣಿನ ಪೊರೆಯನ್ನೂ ತೆಗೆಸಿಯಾಗಿತ್ತು, ದೆಹಲಿಯ ನಲವತ್ತೇಳು ಚಳಿಗಾಲ ಮುಗಿಸಿಯಾಗಿತ್ತು. ಇನ್ನೇನು ಬಾಕಿ? ಬಾಕಿ ಇತ್ತು.

ಈಗ ಅದನ್ನು ನೆನೆಯುವುದಕ್ಕೆ ಕಾರಣ ಒಂದು ಅಲ್ಯೂಮಿನಿಯಂ ಪಾತ್ರೆ. ವಸಂತ್ ಕುಂಜ್‌ನ ನಮ್ಮ ಮನೆಯ ಹಿಂದಿನ ಬಾಲ್ಕನಿಯಲ್ಲಿ ಅದು ಬೋರಲು ಬಿದ್ದಿರುತ್ತದೆ. ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಪ್ಯೂನ್ ಆಗಿದ್ದಾಗ, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ, ಇಪ್ಪತ್ತು ವರ್ಷ ಹಾಲು ಕಾಯಿಸಿದ ಪಾತ್ರೆ ಅದು. ಮೊನ್ನೆ ಹೊಸದಾಗಿ ಬಂದ ಕೆಲಸದವಳು ಅದನ್ನು ಒಳಗೆ ತಂದು, ತೊಳೆದು, ಹಾಲು ಸುರಿಯಲು ಹೋದಳು. ಕಚೇರಿಗೆ ಹೊರಟಿದ್ದ ನನ್ನ ಮಗಳು ಶೈಲಾ, ಅದು ಬೇಡ, ಹೊರಗೇ ಇಡು ಎಂದು ಬಾಗಿಲಿನಿಂದಲೇ ಕಿರುಚಿದಳು.

"ಅರೇ, ವೋ ನಹೀಂ! ವೋ ಬಾಹರ್ ರಖೋ!"

ಕೆಲಸದವಳು ಪಾತ್ರೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕಿದಳು. ತೂತಿಲ್ಲ.

"ನೀನೇ ಹೇಳಮ್ಮ ಅವಳಿಗೆ. ನನಗೆ ಲೇಟ್ ಆಗ್ತಿದೆ, ಹೇಳೋಕೆ ನಾಚಿಕೇನೂ ಆಗುತ್ತೆ," ಎಂದು ಶೈಲಾ ಚಪ್ಪಲಿ ಮೆಟ್ಟಿ ಹೊರಟಳು.

ಹೇಳಿದೆ. ಕೇಳಿ ಅವಳು ಮಾಡಿದ ಮುಖ ನೋಡಿ, ಇನ್ನೂ ನಾಲ್ಕು ಜನಕ್ಕೆ ಹೇಳಬಹುದು ಅನ್ನಿಸಿ ಬರೆಯಲು ಕೂತೆ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತು ದೀರ್ಘ ತಪ್ಪಿದ್ದನ್ನು ಶೈಲಾ ತಿದ್ದಿದ್ದಾಳೆ. ಮಿಕ್ಕಿದ್ದಕ್ಕೆ ನಾನೇ ಜವಾಬ್ದಾರಿ.

ನಮ್ಮ ಮೇಲಿನ ಮಹಡಿಯಲ್ಲಿ ಎಲೇನಿ ಎಂಬ ಗ್ರೀಸ್ ದೇಶದ ಹೆಂಗಸು ಬಾಡಿಗೆಗಿದ್ದಳು. ಹತ್ತಿರದ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದಳು. ನನ್ನ ಹಿಂದಿ ತರಕಾರಿ ಗಾಡಿಯದು, ಅವಳ ಹಿಂದಿ ಪುಸ್ತಕದ್ದು; ಅವಳು ಆಡಿದ್ದನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆ ಚಳಿಗಾಲ ಅವಳ ತಾಯಿ ದೆಸ್ಪಿನಾ ಎರಡು ತಿಂಗಳಿಗೆಂದು ಬಂದಳು. ಎಂಬತ್ತಾರು ವರ್ಷ, ಕಪ್ಪು ಬಟ್ಟೆ, ಕಪ್ಪು ಕಾಲುಚೀಲ, ಕೈಯಲ್ಲೊಂದು ಕೋಲು. ನನಗಿಂತ ಹದಿನೈದು ವರ್ಷ ದೊಡ್ಡವಳು. ಆದರೂ ಅವಳು ಎಂದೇ ಬರೆಯುತ್ತೇನೆ. ಜೊತೆಯಲ್ಲಿ ಕಲ್ಲಾಡಿದವರಿಗೆ ಬಹುವಚನ ಹಚ್ಚಿದರೆ ಆಟ ಕೆಡುತ್ತದೆ.

ಕಾಲೋನಿಯ ಪಾರ್ಕಿನಲ್ಲಿ ಬಿಸಿಲು ಬೀಳುವ ಕಲ್ಲುಬೆಂಚು ಒಂದೇ ಒಂದು. ಆ ತುದಿಗೆ ಅವಳು, ಈ ತುದಿಗೆ ನಾನು. ಹತ್ತು ದಿನ ಹೀಗೇ ಕೂತೆವು. ಅವಳಿಗೆ ಹಿಂದಿ ಇಲ್ಲ, ನನಗೆ ಅವಳದ್ದಿಲ್ಲ. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ, ಅವಳು ನೋಡುತ್ತಿದ್ದಳು. ಹನ್ನೊಂದನೆಯ ದಿನ ಅವಳು ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು, ಬಿಚ್ಚಿ, ಐದು ತುಂಡುಗಳನ್ನು ಬೆಂಚಿನ ಮೇಲೆ ಚೆಲ್ಲಿದಳು. ಒಂದನ್ನು ಮೇಲಕ್ಕೆ ಹಾರಿಸಿ, ಅದು ಬೀಳುವುದರೊಳಗೆ ಇನ್ನೊಂದನ್ನು ಬಾಚಿ, ಎರಡನ್ನೂ ಹಿಡಿದಳು.

ನನ್ನ ಕೈಯಲ್ಲಿದ್ದ ಸೊಪ್ಪು ಮಣ್ಣಿಗೆ ಬಿತ್ತು.

ಒಂದೊಂದಾಗಿ ಆಯಿತು, ಎರಡೆರಡಾಗಿ ಆಯಿತು. ಕೊನೆಗೆ ಎಡಗೈಯ ಹೆಬ್ಬೆರಳು ತೋರುಬೆರಳನ್ನು ಬೆಂಚಿಗೆ ಊರಿ ಕಮಾನು ಮಾಡಿ, ತುಂಡುಗಳನ್ನು ಒಂದೊಂದಾಗಿ ಅದರೊಳಕ್ಕೆ ತಳ್ಳಿದಳು. ಅದು ಗೂಡು! ನಮ್ಮ ಅಣ್ಣೆಕಲ್ಲಾಟದ ಗೂಡು! ಶಿರಾದ ಹತ್ತಿರದ ನಮ್ಮೂರಿನಲ್ಲಿ, ನಾನೂ ನನ್ನ ಗೆಳತಿ ಸಿದ್ದಿಯೂ ಶಾಲೆ ತಪ್ಪಿಸಿ ಗರಡಿಯ ಹಿಂದೆ ಕೂತು ಕಟ್ಟುತ್ತಿದ್ದ ಗೂಡು. ಸಮುದ್ರದಾಚೆಯ ಈ ಕಪ್ಪು ಬಟ್ಟೆಯ ಮುದುಕಿಗೆ ಅದನ್ನು ಯಾರು ಹೇಳಿಕೊಟ್ಟರು? ಸಿದ್ದಿಯಂತೂ ಹೇಳಿಲ್ಲ. ಅವಳು ಶಿರಾ ಬಿಟ್ಟು ಹೋದವಳಲ್ಲ.

ನಾನು ಕೈ ಚಾಚಿದೆ. ದೆಸ್ಪಿನಾ ತುಂಡುಗಳನ್ನು ಕೊಟ್ಟಳು. ಕೊಡುವಾಗ ಏನೋ ಹೇಳಿದಳು. ನನಗೆ ತಿಳಿಯಲಿಲ್ಲ. ಬಗ್ಗಿ ತನ್ನ ಕಾಲಿನ ಹರಡನ್ನು ಎರಡು ಸಲ ಮುಟ್ಟಿ ತೋರಿಸಿ, ಗಂಟಲಿನಿಂದ "ಬ್ಯಾ...ಬ್ಯಾ" ಎಂದು ಸದ್ದು ಮಾಡಿದಳು. ಪಾಪ, ಮುದುಕಿಗೆ ಕಾಲಿನ ಕೀಲು ಎಷ್ಟು ನೋಯುತ್ತದೋ, ನರಳುತ್ತಿದ್ದಾಳೆ ಎಂದುಕೊಂಡು ಮರುದಿನ ನೀಲಗಿರಿ ಎಣ್ಣೆಯ ಬಾಟಲಿ ತಂದುಕೊಟ್ಟೆ. ಅವಳು ಒಂದು ಕ್ಷಣ ಬಾಟಲಿ ನೋಡಿ, ಒಂದು ಕ್ಷಣ ನನ್ನ ಮುಖ ನೋಡಿ, ಕಾಲುಚೀಲ ಇಳಿಸಿ ಹಚ್ಚಿಕೊಂಡಳು. ಬಾಟಲಿ ವಾಪಸು ಕೊಡಲಿಲ್ಲ.

ಆ ಐದು ತುಂಡುಗಳು ನೋಡಲು ಹೀಗಿದ್ದವು: ಒಂದು ಪಕ್ಕ ಗುಳಿ, ಒಂದು ಪಕ್ಕ ಉಬ್ಬು, ಬಣ್ಣ ಹಳೆಯ ಜೇನಿನದು, ಮೈ ಉಜ್ಜಿ ಉಜ್ಜಿ ಕನ್ನಡಿ. ಎಂಥ ಕಲ್ಲಿರಬಹುದು ಎಂದು ಅಳಿಯ ಮಹೇಶನನ್ನು ಕೇಳಿದೆ. ಅವನು ಪೇಪರಿನಿಂದ ಕಣ್ಣೆತ್ತದೆ, "ಗ್ರೀಸ್ ಅಲ್ವಾ ಅತ್ತೆ, ಅಲ್ಲಿ ಎಲ್ಲಾ ಅಮೃತಶಿಲೆ," ಎಂದ. ಸರಿ, ಅಮೃತಶಿಲೆ. ಅಮೃತಶಿಲೆ ಇಷ್ಟು ಹಗುರ ಏಕೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಫಾರಿನ್ ಮಾಲು, ಹಗುರವಾಗಿಯೇ ಮಾಡಿರುತ್ತಾರೆ ಎಂದುಕೊಂಡೆ.

ನನಗೂ ಐದು ಬೇಕಾಯಿತು. ಪಕ್ಕದ ಬ್ಲಾಕಿನಲ್ಲಿ ಕಟ್ಟಡದ ಕೆಲಸ ನಡೆದಿತ್ತು. ಅಲ್ಲಿನ ಜಲ್ಲಿಯಿಂದ ಐದು ಆರಿಸಿ ತಂದು, ಬಾಲ್ಕನಿಯ ಸಿಮೆಂಟಿನ ಮೇಲೆ ಮೂರು ದಿನ ತೇಯ್ದು ಗುಂಡಗೆ ಮಾಡಿದೆ. ಶೈಲಾ ಕಚೇರಿಯಿಂದ ಬಂದವಳು, "ಅಮ್ಮ, ಇದೇನು ಗರಗರ? ಕೆಳಗಿನ ಮನೆಯವರು ಡ್ರಿಲ್ ಮಷೀನ್ ಅಂತ ಕಂಪ್ಲೇಂಟ್ ಕೊಟ್ಟಿದಾರೆ," ಎಂದಳು. ತೇಯುವುದನ್ನು ಪಾರ್ಕಿನಲ್ಲಿ ಮುಗಿಸಿದೆ.

ಕಲ್ಲು ತೇಯುವಾಗ ಬೆರಳಿಗೆ ಬರುವ ಆ ಬಿಸಿ ನನಗೆ ಮರೆತೇಹೋಗಿತ್ತು. ಹುಡುಗಿಯಾಗಿದ್ದಾಗ ನಮ್ಮೂರ ಹಳ್ಳ ಬತ್ತುವುದನ್ನೇ ಕಾದು ಕಲ್ಲು ಆರಿಸುತ್ತಿದ್ದೆವು. ಒಳ್ಳೆಯ ಕಲ್ಲು ಅಂಗೈಯಲ್ಲಿ ಕೂತಾಗ ಗೊತ್ತಾಗುತ್ತದೆ; ಹೇಗೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಲಂಗದ ಕಿಸೆಯಲ್ಲಿ ಐದೂ ಕಟಕಟ ಎನ್ನುತ್ತಿದ್ದವು. ಮೇಷ್ಟ್ರು ಆ ಸದ್ದು ಹಿಡಿದೇ ನನ್ನ ಬೆರಳ ಗಿಣ್ಣಿಗೆ ರೂಲುದೊಣ್ಣೆಯಿಂದ ಬಾರಿಸುತ್ತಿದ್ದರು. ಗಿಣ್ಣು ಊದಿದ ದಿನವೂ ಸಿದ್ದಿಯನ್ನು ಸೋಲಿಸಿದ್ದೇನೆ. ಓದು ಎರಡನೇ ಕ್ಲಾಸಿಗೆ ನಿಂತದ್ದಕ್ಕೆ ಬಡತನ ಕಾರಣ ಎಂದು ನನ್ನ ಮಕ್ಕಳಿಗೆ ಹೇಳಿದ್ದೇನೆ. ಅರ್ಧ ಕಾರಣ ಅದು.

ಹದಿನಾಲ್ಕಕ್ಕೆ ಮದುವೆ. ಹಿಂದಿನ ದಿನ ಮೈಗೆ ಅರಿಸಿನ ಹಚ್ಚಿದ ಮೇಲೆ ಅಮ್ಮ ನನ್ನ ಹಳೆಯ ಲಂಗದ ಕಿಸೆಗೆ ಕೈಹಾಕಿ ಐದು ಕಲ್ಲುಗಳನ್ನೂ ತೆಗೆದಳು. ಹಿತ್ತಲ ಬಾವಿಯ ಹತ್ತಿರ ಹೋಗಿ ಒಂದೊಂದಾಗಿ ಒಳಗೆ ಬಿಟ್ಟಳು. "ನಾಳೆಯಿಂದ ಇದು ಮುದ್ದೆ ತಿರುವೋ ಕೈ ಕಣೇ. ಕಲ್ಲಾಡೋ ಕೈ ಅಲ್ಲ," ಎಂದಳು. ಬುಳಕ್ ಎಂದು ಐದು ಸಲ ಕೇಳಿತು. ನಾನು ಅಳಲಿಲ್ಲ. ಒಬ್ಬಟ್ಟು ಬೇಯುತ್ತಿತ್ತು, ಗಮನ ಅತ್ತ ಇತ್ತು.

ಅಂತೂ ಪಾರ್ಕಿನಲ್ಲಿ ಆಟ ಶುರುವಾಯಿತು. ನಮ್ಮೂರಿನ ಪದ್ಧತಿ ನಾನೇ ತಂದೆ: ಗೆದ್ದವರು ಸೋತವರದ್ದೊಂದನ್ನು ಮನೆಗೊಯ್ಯಬೇಕು, ನಾಳೆಯ ಆಟಕ್ಕೆ ಮತ್ತೆ ತರಬೇಕು; ವಾಪಸು ಬೇಕೆಂದರೆ ಗೆದ್ದೇ ತೆಗೆದುಕೊಳ್ಳಬೇಕು. ಕೈಸನ್ನೆಯಲ್ಲಿ ಹೇಳಿದೆ. ದೆಸ್ಪಿನಾ ತನ್ನ ಗಂಟನ್ನು ಒಂದು ಗಳಿಗೆ ಎದೆಗವಚಿ ಹಿಡಿದು, ಆಮೇಲೆ ತಲೆಯಾಡಿಸಿದಳು. ಅವಳು ಏಕೆ ತಡೆದಳು ಎಂದು ಆಗ ನಾನು ಕೇಳಲಿಲ್ಲ. ಜಿಪುಣಿ ಎಂದುಕೊಂಡೆ.

ಅವಳ ಕಣ್ಣು ಚುರುಕು, ಆದರೆ ಕೈ ನಡುಗುತ್ತಿತ್ತು. ನಾನು ನಡುಗುವ ಕೈ ಎಂದು ಕನಿಕರ ತೋರಿಸುವವಳಲ್ಲ. ಒಂದೂವರೆ ತಿಂಗಳಲ್ಲಿ ಅವಳ ಐದನ್ನೂ ಗೆದ್ದೆ. ಒಂದೊಂದು ಸೋತಾಗಲೂ ಅವಳು ತುಟಿ ಬಿಗಿದು, ತುಂಡನ್ನು ತಾನೇ ನನ್ನ ಅಂಗೈಗೆ ಒತ್ತಿ ಇಡುತ್ತಿದ್ದಳು. ಸೋತು ಬೇಸರವಾದ ಒಂದು ದಿನ ಎದ್ದು, ಮರದಡಿಯ ಒಣಕೊಂಬೆ ಮುರಿದು, ಗೇಣುದ್ದದ ಕಡ್ಡಿಯೊಂದನ್ನು ನೆಲದಲ್ಲಿಟ್ಟು, ಅದರ ತುದಿಗೆ ಕೋಲಿನಿಂದ ಬಡಿದು ಹಾರಿಸಿ, ಗಾಳಿಯಲ್ಲೇ ಮತ್ತೊಂದು ಏಟು ಕೊಟ್ಟಳು. ಚಿನ್ನಿದಾಂಡು! ಕಡ್ಡಿ ಹೋಗಿ ಗಾರ್ಡಿನ ಚಹಾದ ಲೋಟಕ್ಕೆ ಬಡಿಯಿತು. "ಮಾತಾಜೀ! ಯೇ ಬಚ್ಚೋಂ ಕಾ ಪಾರ್ಕ್ ಹೈ!" ಎಂದು ಅವನು ಕೂಗಿಕೊಂಡ. ಪಾರ್ಕಿನಲ್ಲಿ ಮಕ್ಕಳು ಯಾರೂ ಇರಲಿಲ್ಲ. ಎಲ್ಲ ಟ್ಯೂಶನ್ನಿಗೆ ಹೋಗಿದ್ದವು.

ಗೆದ್ದ ಐದನ್ನು ಎಲ್ಲಿಡುವುದು? ಕಳೆದುಹೋಗಬಾರದಲ್ಲ. ತೊಳೆದು, ಒರೆಸಿ, ದೇವರ ಕಪಾಟಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಒಂದು ಬೆಳ್ಳಿ ಬಟ್ಟಲಲ್ಲಿಟ್ಟೆ. ನಾವು ಕೊರಳಲ್ಲಿ ಲಿಂಗ ಕಟ್ಟಿದವರು. ನನ್ನ ಮನೆಗೆ ಮೊಟ್ಟೆ ಹಾಕಿದ ಕೇಕೂ ಬಂದದ್ದಿಲ್ಲ. ದಿನಾ ಬೆಳಿಗ್ಗೆ ಪೂಜೆಯ ಹೊತ್ತಿಗೆ ಕಪಾಟಿಗೆಲ್ಲ ನೀರು ಚಿಮುಕಿಸುವಾಗ ಆ ಬಟ್ಟಲಿಗೂ ನಾಲ್ಕು ಹನಿ ಬೀಳುತ್ತಿತ್ತು. ಅಮೃತಶಿಲೆ ನೋಡಿ, ದೇವರ ಹತ್ತಿರ ಇದ್ದರೆ ತಪ್ಪೇನು.

ದೆಸ್ಪಿನಾ ಊರಿಗೆ ಹೊರಡುವ ಹಿಂದಿನ ದಿನ ಶನಿವಾರ. ಮಧ್ಯಾಹ್ನ ಮೂರು ಗಂಟೆ. ನನ್ನ ಮೊಮ್ಮಗಳು ಅನು, ಆಗ ಹತ್ತು ವರ್ಷದವಳು, ಶಾಲೆಯ ಪ್ರಾಜೆಕ್ಟಿಗೆ ಬೇರೆ ಬೇರೆ ದೇಶದ ಹಳೆಯ ಆಟಗಳ ಚಾರ್ಟು ಮಾಡುತ್ತಿದ್ದಳು. ಎಲೇನಿಯ ಹತ್ತಿರ ಕೇಳಿಕೊಂಡು ಮೇಲಿನಿಂದ ಇಳಿದು ಬಂದು ಚಾರ್ಟನ್ನು ನೆಲದ ಮೇಲೆ ಹರಡಿದಳು.

"ಅಜ್ಜಿ, ದೇಖೋ. ಗ್ರೀಸ್‌ನಲ್ಲಿ ಬಹುತ್ ಪೆಹಲೇ ಮಕ್ಕಳದು ಟಾಯ್ಸ್. ಯೇ ಲಟ್ಟೂ."

ಲಟ್ಟು ಎಂದರೆ ಬುಗುರಿ. ಥೇಟು ನಮ್ಮ ಬುಗುರಿ. ಮಣ್ಣಿನ ಕುದುರೆ, ಅದರ ಕಾಲಿಗೆ ಗಾಲಿ. ಚಿಂದಿ ಬಟ್ಟೆಯ ಬೊಂಬೆ. ಉರುಳಿಸುವ ಬಳೆ, ನಾವು ಹಳೆಯ ಸೈಕಲ್ ಚಕ್ರ ಉರುಳಿಸುತ್ತಿದ್ದೆವಲ್ಲ, ಅದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೇರೆಯವರನ್ನು ಹಿಡಿಯುವ ಆಟ. ನಾನು ಒಂದೊಂದಕ್ಕೂ "ಇದೂ ನಮ್ಮದೇ, ಇದೂ ನಮ್ಮದೇ," ಎನ್ನುತ್ತ ಹೋದೆ.

"ಔರ್ ಸುನೋ ಅಜ್ಜಿ. ಹುಡುಗಿದು ಶಾದಿ ಆಗೋ ಮುಂಚೆ ದಿನ, ಅವಳು ತನ್ನ ಎಲ್ಲಾ ಟಾಯ್ಸ್ ದೇವೀ ಕೇ ಪಾಸ್ ಇಟ್ಟು ಬರಬೇಕಿತ್ತಂತೆ. ಡಾಲ್, ಬಾಲ್, ಎಲ್ಲಾ. ವಾಪಸ್ ತರೋ ಹಾಗಿಲ್ಲ."

ಬಾವಿಯ ಐದು ಬುಳಕ್ ಕಿವಿಯೊಳಗೆ ಕೇಳಿದವು. ಅದು ಅಮ್ಮನ ಹಟ, ನಮ್ಮ ಮನೆಯೊಂದರ ಕಾಟ ಎಂದು ಐವತ್ತೇಳು ವರ್ಷ ತಿಳಿದಿದ್ದೆ. ಯಾವುದೋ ದೇಶದಲ್ಲಿ, ಯಾವುದೋ ಕಾಲದಲ್ಲಿ, ಅಷ್ಟೂ ಹುಡುಗಿಯರಿಂದ ಕಿತ್ತುಕೊಂಡಿದ್ದಾರೆ!

"ದೇವಿ ಏನು ಮಾಡ್ತಿದ್ದಳಂತೆ ಅಷ್ಟು ಬೊಂಬೆ ಇಟ್ಕೊಂಡು?" ಎಂದೆ.

"ಪತಾ ನಹೀಂ. ಅಚ್ಛಾ, ಈಗ ಗೆಸ್ ಕರೋ, ನಿಮ್ಮ ಆ ಫೈವ್ ಸ್ಟೋನ್ಸ್ ಏನು ಅಂತ."

"ಅಮೃತಶಿಲೆ."

"ನೋ! ಭೇಡ್ ಕೀ ಹಡ್ಡೀ ಹೈ!" ಅನು ಕುಣಿದಾಡಿದಳು. "ಶೀಪ್‌ದು ಹಿಂದಿನ ಕಾಲು ಇದೆಯಲ್ಲ, ಉಸ್ಕಾ. ಒಂದು ಶೀಪ್‌ಗೆ ಎರಡೇ ಸಿಗುತ್ತೆ. ಫೈವ್ ಬೇಕಂದ್ರೆ ತೀನ್ ಶೀಪ್!"

ಕುರಿಯ ಎಲುಬು. ಅದನ್ನು ಹಿಡಿದ ಕೈಯಿಂದ ಅನ್ನ ಕಲಸಿದ್ದೇನೆ. ಆ ಕೈಯಿಂದ ಲಿಂಗ ಮುಟ್ಟಿದ್ದೇನೆ. ಅದಕ್ಕೆ ನೀರು ಚಿಮುಕಿಸಿದ್ದೇನೆ! ಸೋಫಾದಲ್ಲಿ ಕೂತಿದ್ದ ಮಹೇಶನ ಮೂಗಿನಿಂದ ಚಹಾ ಬಂತು.

"ಅತ್ತೆ, ಮೂರು ಕುರೀನ ದೇವರ ಕಪಾಟಲ್ಲಿ ಕಟ್ಟಿಹಾಕಿದ್ರಿ ಅನ್ನಿ!"

"ಅಮೃತಶಿಲೆ ಅಂದಿದ್ದು ಯಾರಪ್ಪ? ನೀನೇ ಅಲ್ವಾ?"

"ನಾನು ದೇಶದ ಬಗ್ಗೆ ಹೇಳಿದ್ದು ಅತ್ತೆ, ಕಲ್ಲು ನೋಡಿದ್ನಾ?"

ಶೈಲಾ ನಗಲೂ ಆರದೆ ಬೈಯಲೂ ಆರದೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ನಾನು ಚಿಮಟದಲ್ಲಿ ಆ ಐದನ್ನು ಒಂದೊಂದಾಗಿ ಎತ್ತಿ, ಸಿಕ್ಕಿದ ಕಾಗದದಲ್ಲಿ ಸುತ್ತಿದೆ. ಮನೆಯ ಕಸದ ಡಬ್ಬಿಗೂ ಹಾಕಲಿಲ್ಲ. ಇಳಿದು ಹೋಗಿ ಕಾಲೋನಿಯ ಮೂಲೆಯ ಢಲಾವ್‌ಗೆ, ಎಲ್ಲರ ಕಸ ಬಂದು ಬೀಳುವ ಆ ಕಟ್ಟೆಯೊಳಕ್ಕೆ, ಎಸೆದು ಬಂದೆ. ಕಪಾಟು ತೊಳೆದೆ. ತಲೆಗೆ ನೀರು ಹಾಕಿಕೊಂಡೆ. ಫೆಬ್ರವರಿಯ ಚಳಿ, ಗೀಜರಿನ ನೆನಪೂ ಆಗಲಿಲ್ಲ.

ಐದು ಗಂಟೆಗೆ ಎಲೇನಿ ಚಹಾಕ್ಕೆ ಕರೆದಿದ್ದಳು. ತಾಯಿ ಮರುದಿನ ಮಧ್ಯಾಹ್ನ ಹೊರಡುವವಳು. ಬಿಡಬಾರದು, ಮುಖದ ಮೇಲೇ ಕೇಳಬೇಕು ಎಂದುಕೊಂಡು ಒದ್ದೆ ತಲೆಯಲ್ಲೇ ಮೆಟ್ಟಿಲು ಹತ್ತಿದೆ.

"ನಿಮ್ಮಮ್ಮ ನನ್ನ ಕೈಗೆ ಎಲುಬು ಕೊಟ್ಟಿದ್ದಾರೆ! ಹೇಳೋದಲ್ವಾ?" ಎಂದೆ, ಕೂರುವ ಮೊದಲೇ.

ಎಲೇನಿಗೆ ಗಾಬರಿಯಾಯಿತು. ತಾಯಿಯ ಹತ್ತಿರ ಕೇಳಿ, ನನ್ನ ಕಡೆ ತಿರುಗಿದಳು.

"ಆಂಟೀಜಿ, ಮೊದಲ ದಿನವೇ ಹೇಳಿದೆ ಅನ್ನುತ್ತಾರೆ. ಕಾಲಿನ ಹರಡು ತೋರಿಸಿ, ಕುರಿಯ ಹಾಗೆ ಕೂಗಿದರಂತೆ. ನೀವು ಅರ್ಥವಾಯಿತು ಅಂತ ತಲೆ ಆಡಿಸಿದಿರಂತೆ. ಮರುದಿನ ಯಾಕೋ ಎಣ್ಣೆ ಕೊಟ್ಟಿರಂತೆ."

ನೀಲಗಿರಿ ಎಣ್ಣೆ! ನಾನು ಕುರ್ಚಿ ಎಳೆದುಕೊಂಡು ಕೂತೆ.

ದೆಸ್ಪಿನಾ ತಟ್ಟೆಯಲ್ಲಿನ ಬಿಸ್ಕತ್ತನ್ನು ಮುರಿಯುತ್ತ ತನ್ನ ಭಾಷೆಯಲ್ಲಿ ಮಾತಾಡತೊಡಗಿದಳು, ಮೆಲ್ಲಗೆ, ಯಾರನ್ನೂ ನೋಡದೆ. ಎಲೇನಿ ಒಂದೊಂದೇ ಮಾತು ಹಿಂದಿಗೆ ತಿರುಗಿಸಿದಳು. ಅವು ಅವಳ ಅಪ್ಪನ ಮನೆಯಲ್ಲಿ ಮೂರು ವರ್ಷದ ಹಬ್ಬಕ್ಕೆ ಕಡಿದ ಕುರಿಗಳವು. ಅವಳಿಗೊಬ್ಬ ಅಕ್ಕ ಇದ್ದಳು, ಒಂಬತ್ತು ವರ್ಷದವಳು. ದೆಸ್ಪಿನಾಗೆ ಆಗ ಆರು. ಯುದ್ಧ ಬಂತು, ಊರಿಗೆ ಅನ್ನ ಬರುವುದು ನಿಂತಿತು. ಆ ಚಳಿಗಾಲ ಮನೆಯಲ್ಲಿ ಏನೂ ಇಲ್ಲದೆ ಅವಳ ತಾಯಿ ಮಕ್ಕಳ ಆಟದ ಎಲುಬುಗಳನ್ನೇ ಕೇಳಿ ತೆಗೆದುಕೊಂಡು, ನೀರಿಗೆ ಹಾಕಿ ಕುದಿ ಬರಿಸಿ, ಆ ನೀರನ್ನು ಇಬ್ಬರಿಗೂ ಕುಡಿಸುತ್ತಿದ್ದಳಂತೆ. ಕುದಿಸಿ ಆದ ಮೇಲೆ ತಣ್ಣಗೆ ಮಾಡಿ ಆಡಿಕೊಳ್ಳಿ ಎಂದು ವಾಪಸು ಕೊಡುತ್ತಿದ್ದಳಂತೆ. ಮಾರನೆಯ ದಿನ ಮತ್ತೆ ಕೇಳುವಳು. ರುಚಿಯೇನೂ ಇರಲಿಲ್ಲ, ಬಿಸಿ ಇತ್ತು. ಅಕ್ಕ ಆ ಚಳಿಗಾಲ ದಾಟಲಿಲ್ಲ. ಅವಳ ಒಂದು ಚಿತ್ರವೂ ಮನೆಯಲ್ಲಿಲ್ಲ. ಅವಳು ಮುಟ್ಟಿದ್ದು ಎಂದು ಉಳಿದದ್ದು ಆ ಐದು.

ಎಷ್ಟೋ ಹಸಿವಿನ ಕತೆ ಕೇಳಿದ್ದೇನೆ. ಮಕ್ಕಳ ಆಟದ ಸಾಮಾನನ್ನು ಕುದಿಸಿ ಮಕ್ಕಳಿಗೇ ಕುಡಿಸಿದ್ದನ್ನು ಕೇಳಿರಲಿಲ್ಲ.

"ಇಂಥದ್ದನ್ನ ಪಣಕ್ಕೆ ಯಾಕೆ ಇಟ್ಟರು?" ಎಂದೆ.

"ಎಂಬತ್ತು ವರ್ಷದಲ್ಲಿ ಇದನ್ನು ಆಡಲು ಬಂದವರು ಇನ್ನಾರೂ ಸಿಗಲಿಲ್ಲ ಅನ್ನುತ್ತಾರೆ. ಪಣ ಇಲ್ಲದಿದ್ದರೆ ನೀವು ಆಡುವವರಲ್ಲ ಅಂತ ಗೊತ್ತಾಯಿತಂತೆ." ಎಲೇನಿ ನಕ್ಕಳು. "ನಾಳೆ ಹನ್ನೊಂದು ಗಂಟೆಗೆ ಕೊನೆಯ ಆಟ. ಐದನ್ನೂ ಒಂದೇ ಆಟಕ್ಕೆ ಕಟ್ಟಬೇಕಂತೆ. ಗೆದ್ದು ಮನೆಗೆ ಒಯ್ಯುತ್ತಾರಂತೆ. ಸುಮ್ಮನೆ ಕೊಟ್ಟರೆ ಬೇಡವಂತೆ. ತರಲು ಮರೆಯಬೇಡಿ."

ದೆಸ್ಪಿನಾ ತನ್ನ ಬರಿಗೈಯನ್ನು ಮುಂದೆ ಚಾಚಿ ಬೆರಳು ಬಿಡಿಸಿ ಮಡಿಸಿ ತೋರಿಸಿದಳು. ಬೆರಳಿಗೆ ಸಾಣೆ ಹಿಡಿಯುತ್ತಿದ್ದೇನೆ ಎಂಬಂತೆ. ನೋಡುತ್ತೇನೆ, ಬರುತ್ತೇನೆ ಎಂದು ಏನೋ ತೊದಲಿ, ಚಹಾ ಬಿಟ್ಟು ಎದ್ದೆ.

ಢಲಾವ್ ತಲುಪಿದಾಗ ಇನ್ನೂ ಬೆಳಕಿತ್ತು. ಕಸ ಬೇರ್ಪಡಿಸುವ ರಾಜವತಿ ಪ್ಲಾಸ್ಟಿಕ್ಕಿನ ಮೂಟೆ ಕಟ್ಟುತ್ತಿದ್ದಳು. ನಾನು ಸೀರೆ ಎತ್ತಿಕಟ್ಟಿ ನೇರ ಒಳಗೆ ಕಾಲಿಟ್ಟದ್ದು ಕಂಡು, ಚಿನ್ನ ಬಿತ್ತೇನೋ ಎಂದು ಅವಳು ಓಡಿಬಂದಳು.

"ಅಮ್ಮಾಜೀ! ಸೋನಾ ಗಿರ್ ಗಯಾ ಕ್ಯಾ?"

"ಹಡ್ಡೀ," ಎಂದೆ. "ಪಾಂಚ್ ಹಡ್ಡೀ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಈ ಅಮ್ಮನ ಹಣೆಯ ವಿಭೂತಿಯೇನು, ಹುಡುಕುವುದೇನು! ಆದರೆ ಹುಡುಕಿಕೊಟ್ಟಳು. ನಾನು ಸಿಕ್ಕಿದ ಕಾಗದ ಎಂದು ಸುತ್ತಿದ್ದು ಹಿಂದಿನ ದಿನ ಒಬ್ಬಟ್ಟು ಕಟ್ಟಿಕೊಂಡು ಬಂದಿದ್ದ ತುಪ್ಪದ ಕಾಗದ. ತುಪ್ಪದ ವಾಸನೆಗೆ ನಾಯಿಗಳು ಬಂದು ಅದನ್ನು ಚಿಂದಿ ಮಾಡಿದ್ದವು. ಬರಿಗೈಯಿಂದಲೇ ಕೆದಕಿದೆ. ಚಿಮಟದಲ್ಲಿ ಎತ್ತಿದ್ದನ್ನು ಅದೇ ದಿನ ಬರಿಗೈಯಲ್ಲಿ, ಕೊಳೆತ ಹೂಕೋಸಿನ ನಡುವೆ, ಒಂದಕ್ಕೆ ಒಂದು ಕೂಡಿಸಿಕೊಂಡೆ. ನಾಲ್ಕು ಸಿಕ್ಕವು. ಐದನೆಯದನ್ನು ಬಾಲ ತುಂಡಾದ ಕರಿನಾಯಿ ಕಚ್ಚಿಕೊಂಡು ಕಾಲೋನಿಯ ಹಿಂದಿನ ಕಾಡಿನ ಕಡೆ ಓಡಿದ್ದನ್ನು ರಾಜವತಿ ಕಣ್ಣಾರೆ ನೋಡಿದ್ದಳು.

"ಏಕ್ ಕೇ ಲಿಯೇ ಕ್ಯಾ ರೋನಾ, ಅಮ್ಮಾಜೀ. ಚಾರ್ ತೋ ಮಿಲ್ ಗಯೇ," ಎಂದಳು.

ನಾನು ಅಳುತ್ತಿರಲಿಲ್ಲ. ಎಣಿಸುತ್ತಿದ್ದೆ. ಎಷ್ಟು ಸಲ ಎಣಿಸಿದರೂ ನಾಲ್ಕೇ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು, ತರಕಾರಿಗೆ ಹೋಗುತ್ತೇನೆ ಎಂದು ಹೇಳಿ, ಕಿಶನ್‌ಗಢದ ಗಲ್ಲಿಯ ಮಾಂಸದಂಗಡಿಗೆ ಹೋದೆ. ಇಷ್ಟು ವರ್ಷ ಅದರ ಮುಂದೆ ಬಂದಾಗೆಲ್ಲ ರಸ್ತೆಯ ಆಚೆ ಪಕ್ಕಕ್ಕೆ ದಾಟುತ್ತಿದ್ದೆ. ಮೂಗಿಗೆ ಸೆರಗು ಹಿಡಿದು ಮೆಟ್ಟಿಲ ಕೆಳಗೆ ನಿಂತೆ. ಅಂಗಡಿಯವನು ಕತ್ತಿ ತಡೆದು, ನನ್ನ ಹಣೆ ನೋಡಿ, ಮರ್ಯಾದೆಯಿಂದ ತರಕಾರಿಯ ಕಡೆಗೆ ದಾರಿ ತೋರಿಸಿದ.

"ಅಮ್ಮಾಜೀ, ಸಬ್ಜೀ ಉಧರ್ ಹೈ. ಆಗೇ."

"ಸಬ್ಜೀ ನಹೀಂ, ಭಯ್ಯಾ," ಎಂದೆ. ಬೇಕಾದ್ದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. ಬಗ್ಗಿದೆ. ಸೀರೆಯ ಅಂಚು ನಾಲ್ಕು ಬೆರಳು ಎತ್ತಿ ನನ್ನ ಕಾಲಿನ ಹರಡನ್ನು ಎರಡು ಸಲ ಮುಟ್ಟಿ ತೋರಿಸಿದೆ. ಅವನಿಗೆ ತಿಳಿಯಲಿಲ್ಲ. ಕೊನೆಗೆ ಆ ಗಲ್ಲಿಯಲ್ಲಿ, ಜನ ಓಡಾಡುವ ಹೊತ್ತಿನಲ್ಲಿ, "ಬ್ಯಾ... ಬ್ಯಾ..." ಎಂದೆ.

ಅವನು ಮಾಂಸದ ತುಂಡು ಕೆಳಗಿಟ್ಟ.

"ಹಡ್ಡೀ ಚಾಹಿಯೇ? ಯಹಾಂ ಕೀ? ಭೇಡ್ ನಹೀಂ ಹೈ ಅಮ್ಮಾಜೀ, ಬಕರಾ ಹೈ. ಸೂಪ್ ಕೇ ಲಿಯೇ?"

"ಖೇಲ್ನೇ ಕೇ ಲಿಯೇ," ಎಂದೆ.

ಆಡುವುದಕ್ಕೆ ಎಂದದ್ದೇ ತಡ, ಅವನು ಮೇಕೆಯ ಹಿಂಗಾಲಿನಿಂದ ಅದನ್ನು ಬಿಡಿಸಿ, ಪೊಟ್ಟಣ ಕಟ್ಟಿ, ದುಡ್ಡೂ ತೆಗೆದುಕೊಳ್ಳದೆ ಕೈಗಿಟ್ಟ. ತಲೆ ಕೆಟ್ಟ ಮುದುಕಿಯನ್ನು ಬೇಗ ಸಾಗಹಾಕಿದರೆ ಸಾಕು ಎಂಬಂತಿತ್ತು ಅವನ ಮುಖ.

ಮನೆಗೆ ಬಂದು ಬಾಲ್ಕನಿಯಲ್ಲಿ ಹಳೆಯ ಹೀಟರು ಹಚ್ಚಿದೆ. ಕಿದ್ವಾಯಿ ನಗರದ ಪಾತ್ರೆ ಇಟ್ಟು, ನೀರು ಹೊಯ್ದು, ಅದನ್ನು ಹಾಕಿದೆ. ವಾಸನೆಗೆ ಎದ್ದು ಬಂದ ಶೈಲಾ ಬಾಗಿಲಲ್ಲೇ ನಿಂತಳು.

"ಅಮ್ಮ, ಏನಿದು?"

"ಎಲುಬು."

"ಅಮ್ಮ!"

"ಒಳಗೆ ಹೋಗು. ಮೂಗು ಮುಚ್ಚಿಕೋ."

ಬೆಂದ ಮೇಲೆ ಅಂಟಿದ್ದನ್ನೆಲ್ಲ ಚೂರಿಯಲ್ಲಿ ಹೆರೆದೆ. ನಡುನಡುವೆ ಎರಡು ಸಲ ಗ್ರಿಲ್ಲಿಗೆ ಹಣೆ ಒತ್ತಿ ನಿಂತೆ. ಇಟ್ಟಿಗೆ ಪುಡಿ ಹಾಕಿ ಉಜ್ಜಿದೆ. ಹಾಲಿನಂತೆ ಬಿಳಿ. ಮಿಕ್ಕ ನಾಲ್ಕರ ಪಕ್ಕ ಇಟ್ಟರೆ ಕುರುಡನೂ ಹೇಳುತ್ತಾನೆ. ಗಟ್ಟಿ ಚಹಾ ಮಾಡಿ ಅದರಲ್ಲಿ ಮುಳುಗಿಸಿದೆ. ಬಣ್ಣ ಸ್ವಲ್ಪ ತಿರುಗಿತು. ಹೌದು, ಮೋಸ ಮಾಡಲು ಹೊರಟಿದ್ದೆ. ಸಿದ್ದಿಗೆ ಕೂಡ ನಾನು ಮೋಸ ಮಾಡಿದವಳಲ್ಲ.

ಹನ್ನೊಂದಕ್ಕೆ ಮೇಲೆ ಹೋದೆ. ಸೂಟ್‌ಕೇಸುಗಳು ಬಾಗಿಲ ಹತ್ತಿರ ನಿಂತಿದ್ದವು. ದೆಸ್ಪಿನಾ ಕುರ್ಚಿಯ ಮೇಲೆ ಕೋಟು ಹಾಕಿಕೊಂಡು ಸಿದ್ಧವಾಗಿ ಕೂತಿದ್ದಳು. ಐದನ್ನೂ ಅವಳ ಅಂಗೈಗೆ ಸುರಿದೆ. ಅವಳು ಒಂದು ಸಲ ಕುಲುಕಿದಳು. ಅಲ್ಲೇ ನಿಲ್ಲಿಸಿದಳು. ಬೆರಳು ಆಡಿಸಿ ಒಂದನ್ನು ಎತ್ತಿ, ನೋಡಲೂ ಇಲ್ಲ, ಮೂಗಿನ ಹತ್ತಿರ ಹಿಡಿದಳು. ಒಂದು ಮಾತು ಹೇಳಿದಳು.

"ಇದು ಮೇಕೆಯದು ಅನ್ನುತ್ತಾರೆ," ಎಂದಳು ಎಲೇನಿ.

"ಹೌದು. ನಿಮ್ಮದನ್ನ ಕಸಕ್ಕೆ ಹಾಕಿದೆ. ಎಲುಬು ಅಂತ ಗೊತ್ತಾಗಿ ಎಸೆದೆ. ನಾಲ್ಕು ಸಿಕ್ತು, ಒಂದು ನಾಯಿ ತಿಂತು. ಹೇಳಮ್ಮ, ಇದ್ದದ್ದು ಇದ್ದ ಹಾಗೇ ಹೇಳು. ಮೆತ್ತಗೆ ಮಾಡಬೇಡ."

ಎಲೇನಿ ಹೇಳಿದಳು. ದೆಸ್ಪಿನಾ ಕಣ್ಣು ಮುಚ್ಚಿ ನಾಲ್ಕನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಕೆಳಗೆ ಕ್ಯಾಬು ಹಾರ್ನ್ ಹಾಕಿತು. ಕಣ್ಣು ತೆರೆದು ಅವಳು ಇನ್ನೇನೋ ಕೇಳಿದಳು.

"ಅಂಗಡಿಗೆ ಯಾರು ಹೋಗಿದ್ದು ಅಂತ ಕೇಳುತ್ತಾರೆ."

"ನಾನೇ."

"ಬೇಯಿಸಿದ್ದು?"

"ನಾನೇ. ಇನ್ಯಾರು ಬೇಯಿಸ್ತಾರೆ?"

ದೆಸ್ಪಿನಾ ನನ್ನ ಹಣೆಯ ವಿಭೂತಿಯನ್ನು ನೋಡಿದಳು. ಕೈ ನೋಡಿದಳು. ಹಣೆ, ಎದೆ, ಹೆಗಲು ಮುಟ್ಟಿಕೊಂಡು ತನ್ನ ದೇವರನ್ನು ಕರೆದಳು. ನಗಲಿಲ್ಲ, ಅಳಲೂ ಇಲ್ಲ. ಕೋಲು ಊರಿ ಮೆಲ್ಲಗೆ ನೆಲಕ್ಕೆ ಇಳಿದು ಕೂತು, ಸೂಟ್‌ಕೇಸನ್ನು ಪಕ್ಕಕ್ಕೆ ತಳ್ಳಿ, ನನಗೂ ಕೂರು ಎಂದು ನೆಲ ತಟ್ಟಿದಳು.

ಆಡಿದೆವು. ಅವಳು ಗೆದ್ದಳು. ನಾನು ಬಿಟ್ಟುಕೊಡಲಿಲ್ಲ, ನಿಜವಾಗಿಯೇ ಸೋತೆ. ಮೂರು ಸಲ ಸೋಪು ಹಚ್ಚಿದ್ದರೂ ಬೆರಳಿನ ವಾಸನೆ ಹೋಗಿರಲಿಲ್ಲ. ಮೇಲೆ ಹಾರಿಸಿದ್ದನ್ನು ಹಿಡಿಯುವಾಗೆಲ್ಲ ಮೂಗಿಗೆ ಅದೇ ಬರುತ್ತಿತ್ತು. ಅವಳು ಐದನ್ನೂ ಗಂಟಿಗೆ ಹಾಕಿ ಬಿಗಿದಳು. ಮೇಕೆಯದನ್ನೂ.

"ಅದರ ಬಣ್ಣ ಬೇರೆ ಇದೆಯಲ್ಲ," ಎಂದೆ.

ಅವಳು ಎದ್ದು ನಿಲ್ಲಲು ನನ್ನ ಹೆಗಲು ಹಿಡಿದುಕೊಂಡೇ ಉತ್ತರ ಕೊಟ್ಟಳು.

"ಅರವತ್ತು ವರ್ಷ ಆಡಿದರೆ ಅದೂ ಮಿಕ್ಕವುಗಳ ಹಾಗೇ ಆಗುತ್ತದೆ, ಅವಸರ ಏನು ಅನ್ನುತ್ತಾರೆ," ಎಂದಳು ಎಲೇನಿ.

ಕೆಳಗಿಳಿದು ಬಂದು ಎರಡನೆಯ ಸಲ ತಲೆಗೆ ನೀರು ಹಾಕಿಕೊಂಡೆ. ಆಮೇಲೆ ಬಾಲ್ಕನಿಯಲ್ಲಿ ಕೂತು ಪಾತ್ರೆಯನ್ನು ಇಟ್ಟಿಗೆ ಪುಡಿಯಲ್ಲಿ ಮೂರು ಸಲ ತಿಕ್ಕಿದೆ. ತಿಕ್ಕುವಾಗ ಕೆಳಗೆ ಕ್ಯಾಬಿನ ಬಾಗಿಲು ಹಾಕಿದ ಸದ್ದು ಕೇಳಿತು. ಕೈ ತುಂಬ ಪುಡಿ ಇತ್ತು, ಎದ್ದು ನೋಡಲಿಲ್ಲ. ಪಾತ್ರೆ ಬೋರಲು ಹಾಕಿದೆ.